ಅರ್ಧ ಕತ್ತರಿಸಿದ ಹುಲ್ಲು

“ಲಾಲ್‌ಬಾಗ್ ಒಂದು ಬಿಟ್ರೆ ಬೆಂಗ್ಳೂರಿನ ಹುಲ್ಲೆಲ್ಲಾ ನನ್ ತಮ್ಮಾನೇ ಕತ್ತರ್ಸಿದ್ದು ಸಾರ್,” ಎನ್ನುತ್ತಾ ಗೋವಿಂದಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ಶಾಮಿಯಾನದ ನೆರಳಿಗೆ ಎಳೆದು, ಸೆರಗಿನಿಂದ ಒರೆಸಿ, ಬಂದವರನ್ನು ಕೂರಿಸಿದಳು. ಅವರು ನಂಬಿದವರಂತೆ ತಲೆಯಾಡಿಸಿದ್ದು ಕಂಡು ಅವಳಿಗೇ ಕಸಿವಿಸಿಯಾಯಿತು. “ಅರ್ಧ ಸುಳ್ಳು ಅನ್ಕೊಳಿ. ಹೆಣದ ಮುಂದೆ ಪೂರ್ತಿ ಸುಳ್ಳು ಹೇಳ್ಬಾರ್ದು.”

“ಸಾವಿನ್ ಮನೇಲೂ ಬುರುಡೆ ಬಿಡ್ತೀಯಲ್ಲೇ ಗೋವಿಂದಿ!” ಎಂದಳು ಪಕ್ಕದ ಮನೆಯ ನಾಗಲಕ್ಷ್ಮಮ್ಮ.

“ನಿನ್ ಸಾವಲ್ಲೂ ಬಿಡ್ತೀನಿ, ಕಾಯ್ತಾ ಇರು.”

ಗಿರಿನಗರದ ಆ ಮನೆಯ ಮುಂದೆ, ಗಾಜಿನ ಪೆಟ್ಟಿಗೆಯಲ್ಲಿ ಅವಳ ತಮ್ಮ ವೆಂಕಟಸ್ವಾಮಿ ಮಲಗಿದ್ದ. ಗಂಡ ಸತ್ತ ಮೇಲೆ ಗೋವಿಂದಮ್ಮನಿಗೆ ಅವನ ಮನೆಯೇ ಮನೆ. ಈಗ ಬಂದವರು ರವಿಕಿರಣ್, ಜೆ.ಪಿ. ನಗರದ ದೊಡ್ಡ ಕಂಪನಿಯೊಂದರ ಮ್ಯಾನೇಜರ್. ಅಲ್ಲಿನ ಲಾನ್ ನೋಡಿಕೊಳ್ಳುವ ಕಾಂಟ್ರಾಕ್ಟು ವೆಂಕಟಸ್ವಾಮಿಯದು. ಹಾರ ಹಾಕಿದ ಮೇಲೂ ಅವರು ಹೊರಡದೆ, ಮನೆಯೊಳಗಿದ್ದ ಅವನ ಮಗಳು ಲತಾಮಣಿಯ ಕಡೆ ನೋಡುವುದು, ಕತ್ತು ತಗ್ಗಿಸುವುದು ಮಾಡುತ್ತಿದ್ದರು. ಇವರ ಹೊಟ್ಟೆಯಲ್ಲಿ ಏನೋ ಇದೆ. ಅದನ್ನು ಹೊರಗೆ ತೆಗೆಯದೆ ಬಿಟ್ಟರೆ ಗೋವಿಂದಮ್ಮನಿಗೆ ಅನ್ನ ಇಳಿಯುವುದಿಲ್ಲ.

“ಏನ್ ಸಾರ್, ಬಿಸಿ ತುಪ್ಪ ಬಾಯಿಗಿಟ್ಕೊಂಡೋರ್ ಥರ ಕೂತಿದೀರಿ?”

“ಇವತ್ತು ಹೇಳೋ ಮಾತಲ್ಲಮ್ಮ. ಆದ್ರೆ ಬೇರೆಯೋರಿಂದ ಗೊತ್ತಾಗೋದು ಬೇಡ ಅಂತ ಬಂದೆ.” ಅವರು ದನಿ ತಗ್ಗಿಸಿದರು. “ಇನ್ಮುಂದೆ ಲಾನ್ ಕೆಲ್ಸ ಬೇರೆ ಏಜೆನ್ಸಿಗೆ ಕೊಡ್ಬೇಕು ಅಂತಿದಾರೆ ಮೇಲಿನೋರು. ನಾಳೆ ನಾನು ಸೈನ್ ಹಾಕ್ಬೇಕು.”

ಗೋವಿಂದಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ದೊಡ್ಡ ಆಫೀಸು ಕೈಬಿಟ್ಟರೆ ಸಣ್ಣವೂ ಅದರ ಹಿಂದೆಯೇ ಹೋಗುತ್ತವೆ. ಲತಾಮಣಿಗೆ ಉಳಿಯುವುದು ಹುಲ್ಲು ಕತ್ತರಿಸುವ ಮೆಷಿನ್ ಒಂದೇ. ಆದರೆ ಗೋವಿಂದಮ್ಮ ಅಳಲಿಲ್ಲ. “ಹಾಕಿ ಸಾರ್. ಅದಕ್ ಮುಂಚೆ, ನಿಮ್ ಆಫೀಸು ನಮಗೆ ಹೆಂಗ್ ಸಿಕ್ತು ಗೊತ್ತಾ?”

“ಇಲ್ಲ. ನಾನ್ ಬರೋ ಮುಂಚಿಂದಾನೂ ಅವ್ರೇ ಇದ್ರು.”

*

ಮೊದಲು ವೆಂಕಟಸ್ವಾಮಿ ಪದ್ಮನಾಭನಗರದ ಮನೆಗಳ ಹುಲ್ಲು ಕತ್ತರಿಸುತ್ತಿದ್ದ. ಅಂಗಳಗಳೆಲ್ಲ ಸಿಮೆಂಟು ಬಳಿದುಕೊಂಡು ಕಾರು ನಿಲ್ಲುವ ಜಾಗಗಳಾದವು. ಆಫೀಸುಗಳಿಗೆ ಹೋದರೆ ಗೇಟಿನವನು ಒಳಗೇ ಬಿಡುತ್ತಿರಲಿಲ್ಲ.

ಒಂದು ಭಾನುವಾರ ಜೆ.ಪಿ. ನಗರದ ಕಲ್ಯಾಣ ಮಂಟಪವೊಂದರಿಂದ ಕರೆ ಬಂತು. ಅವನು ಅವಸರದಲ್ಲಿ ಅದೇ ಮಂಟಪವೆಂದುಕೊಂಡು ಪಕ್ಕದ ಕಂಪನಿಯ ಗೇಟಿಗೆ ನುಗ್ಗಿ ಹುಲ್ಲು ಕತ್ತರಿಸತೊಡಗಿದ. ಸಾಹೇಬರೇ ಕರೆಸಿರಬೇಕೆಂದು ಗೇಟಿನವನು ಸುಮ್ಮನಾದ. ಅರ್ಧ ಮುಗಿಯುವ ಹೊತ್ತಿಗೆ ಆಫೀಸರೊಬ್ಬರು ಬಂದು, “ಯಾರಯ್ಯಾ ನಿನ್ನ ಕರ್ದಿದ್ದು?” ಎಂದು ಕೂಗಾಡಿದರು. ವೆಂಕಟಸ್ವಾಮಿ ಕೈಮುಗಿದು, ಮೆಷಿನ್ ತಳ್ಳಿಕೊಂಡು ಮಂಟಪಕ್ಕೆ ಹೋದ.

ಮಾರನೇ ದಿನ ಆಫೀಸಿನ ಜನವೆಲ್ಲ ಕತ್ತರಿಸಿದ ಅರ್ಧದಲ್ಲೇ ಊಟದ ಡಬ್ಬಿ ಬಿಚ್ಚಿ ಕೂತರು. ಇನ್ನರ್ಧಕ್ಕೆ ಯಾರೂ ಕಾಲಿಡಲಿಲ್ಲ. ಸಂಜೆ ಅದೇ ಆಫೀಸರು ಮಂಟಪದವರ ಹತ್ತಿರ ವಿಳಾಸ ಕೇಳಿ ಅವನನ್ನು ಹುಡುಕಿಕೊಂಡು ಬಂದರು. “ಅರ್ಧ ತಲೆ ಬೋಳ್ಸಿ ಓಡೋಗ್ತಾರೇನಯ್ಯಾ? ಬಾ, ಪೂರ್ತಿ ಮಾಡು!”

ಅಂದಿನಿಂದ ಅದೇ ಅವನ ಕಸುಬಿನ ಗುಟ್ಟಾಯಿತು. ಹೊಸ ಆಫೀಸಿಗೆ ಹೋಗಿ, “ಬಿಟ್ಟಿ ಕತ್ತರ್ಸಿ ತೋರಿಸ್ತೀನಿ ಸಾರ್” ಎನ್ನುವುದು, ಅರ್ಧಕ್ಕೆ ನಿಲ್ಲಿಸಿ ಟೀ ಕುಡಿಯಲು ಹೊರಟುಬಿಡುವುದು. ಬ್ಯಾಂಕು, ನರ್ಸಿಂಗ್ ಹೋಮು ಎಲ್ಲ ಹಾಗೇ ಬಂದವು.

*

ರವಿಕಿರಣ್ ನಕ್ಕುಬಿಟ್ಟು, ಎಲ್ಲಿದ್ದೇನೆಂದು ನೆನಪಾಗಿ ಬಾಯಿ ಮುಚ್ಚಿಕೊಂಡರು. “ಅವ್ರಿದ್ದಿದ್ರೆ ಯೋಚ್ನೇನೇ ಇರ್ಲಿಲ್ಲಮ್ಮ. ಈ ವರ್ಷ ಅಂತೂ ಲಾನ್ ಸಖತ್ತಾಗಿತ್ತು. ದಿನಾ ಬೆಳಿಗ್ಗೆ ಮೇಲಿಂದ ನೋಡ್ತಿದ್ದೆ, ದೊಡ್ಡ ಟೋಪಿ ಹಾಕ್ಕೊಂಡು ಮೆಷಿನ್ ತಳ್ತಾ ಇರೋರು. ಆ ಹುಡುಗಿ ಕೈಲಿ ಅದೆಲ್ಲ ಆಗುತ್ತಾ, ನೀವೇ ಹೇಳಿ.”

ಗೋವಿಂದಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಅಷ್ಟರಲ್ಲಿ ಬನಶಂಕರಿ ಸ್ಮಶಾನಕ್ಕೆ ಒಯ್ಯುವ ಗಾಡಿ ಬಂದು ನಿಂತಿತು. ಗಾಜಿನ ಮುಚ್ಚಳ ತೆಗೆದರು. “ಬಾಯಿಗೆ ಅಕ್ಕಿ ಹಾಕೋರು ಬನ್ರಪ್ಪಾ, ಮೊದ್ಲು ಮಗಳು ಬರ್ಲಿ!” ಎಂದು ಯಾರೋ ಕೂಗಿದರು.

ಗೋವಿಂದಮ್ಮ ರವಿಕಿರಣ್ ಕಿವಿಯ ಬಳಿ ಬಾಗಿದಳು. “ಸಾರ್, ನಮ್ ವೆಂಕಟ ಹೋದ್ ದೀಪಾವಳಿಯಿಂದ ಹಾಸ್ಗೆ ಹಿಡ್ದಿದ್ದ. ಬಚ್ಚಲಿಗ್ ಹೋಗೋಕೂ ನನ್ ಹೆಗಲು ಬೇಕಿತ್ತು. ಬುರುಡೆ ಅಲ್ಲ, ಬೀದೀಲಿ ಯಾರ್ನಾದ್ರೂ ಕೇಳಿ.”

“ಹಂಗಾದ್ರೆ...” ರವಿಕಿರಣ್ ಎದ್ದು ನಿಂತರು.

ಲತಾಮಣಿ ಅಪ್ಪನ ತುಟಿಯ ಮೇಲೆ ಅಕ್ಕಿ ಬಿಡುತ್ತಿದ್ದಳು. ತಲೆಗೆ ನೀರು ಹಾಕಿಕೊಂಡು ಬಂದಿದ್ದರೂ ಅವಳ ಉಗುರುಗಳ ಸಂದಿಯಲ್ಲಿ ಹುಲ್ಲಿನ ಹಸಿರು ಹಾಗೇ ಇತ್ತು. ಜಡ್ಡುಗಟ್ಟಿದ ಅಂಗೈಯಿಂದ ಬಿಳಿಯ ಕಾಳುಗಳು ಒಂದೊಂದಾಗಿ ಜಾರಿದವು.

“ಟೋಪಿ ಕೆಳಗೆ ಯಾರಿದ್ರು ಸಾರ್?” ಎಂದಳು ಗೋವಿಂದಮ್ಮ. “ನೀವೇ ಹೇಳಿ ನೋಡೋಣ.”