ಮೇಲಿನ ಒಂದು ಗೇಣು

ಮೂರು ವರ್ಷಗಳಲ್ಲಿ ಸುತ್ತಲಿನವರೆಲ್ಲ ಇಟ್ಟಿಗೆ ಗೂಡಿಗೆ ಮಣ್ಣು ಕೊಟ್ಟು ತಮ್ಮ ತಮ್ಮ ಹೊಲಗಳನ್ನು ಸೊಂಟದಾಳ ಇಳಿಸಿಕೊಂಡಿದ್ದರು. ಕೊಡದೆ ಉಳಿದವಳು ಅಕ್ಕ ಒಬ್ಬಳೇ. ಅವಳ ಅಂಗೈಯಗಲದ ಹೊಲ ನಡುವೆ ಜಗಲಿಯ ಹಾಗೆ ಎದ್ದು ನಿಂತಿತ್ತು. ಕಾಲುವೆಯ ನೀರು ಮೊದಲು ತಮ್ಮನ ಹೊಲದ ಬದುವಿನ ಮೇಲಿಂದ ಅವಳಲ್ಲಿಗೆ ಬರುತ್ತಿತ್ತು. ತಮ್ಮನ ಮಣ್ಣು ಹೋದಾಗ ಬದುವೂ ಹೋಯಿತು, ನೀರು ಕೆಳಗೇ ಉಳಿಯಿತು. ಎರಡು ಬೆಳೆಗೆ ಅವಳು ಕೊಡದಲ್ಲಿ ನೀರು ಹೊತ್ತಳು. ಪ್ರತಿ ಮಳೆಗೂ ಹೊಲದ ಅಂಚು ಕುಸಿದು ತಮ್ಮನ ಗುಂಡಿಗೆ ಬೀಳುತ್ತಿತ್ತು.

“ನಿಂದೂ ಇಳಿಸಿಬಿಡಕ್ಕ. ನೀರು ತಾನಾಗಿ ಬರುತ್ತೆ,” ಎಂದ ತಮ್ಮ.

“ನೀನು ಗುಂಡಿಗೆ ಬಿದ್ದೆ ಅಂತ ನಾನೂ ಬೀಳ್ಬೇಕಾ?”

ಆದರೆ ಭುಜ ಸೋತಿತ್ತು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು. ಮೇಲಿನ ಒಂದು ಗೇಣು ಕಪ್ಪು ಮಣ್ಣನ್ನು ಮೊದಲು ಕೆರೆದು ಮೂಲೆಯಲ್ಲಿ ಗುಡ್ಡೆ ಹಾಕಬೇಕು. ಅದರ ಕೆಳಗಿನ ಕೆಂಪು ಜೇಡಿಮಣ್ಣನ್ನು ಗೂಡಿನವರು ಒಯ್ಯಲಿ. ಆಮೇಲೆ ಗುಡ್ಡೆಯನ್ನು ಮತ್ತೆ ಹರವಬೇಕು.

“ಮಣ್ಣಲ್ಲಿ ಮೇಲಿಂದು ಕೆಳಗಿಂದು ಅಂತ ಏನಕ್ಕ?”

“ಇಪ್ಪತ್ತು ವರ್ಷ ಗೊಬ್ಬರ ಹೊತ್ತು ಹಾಕಿದ್ದು ನಾನು. ನಿನಗೆಲ್ಲಿಂದ ಗೊತ್ತಾಗ್ಬೇಕು?”

ಅಗೆತ ಶುರುವಾಯಿತು. ಎರಡು ದಿನ ಅಕ್ಕ ಗುಡ್ಡೆಯ ಪಕ್ಕದಿಂದ ಕದಲಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ಅಗೆಯುವ ಯಂತ್ರದವನು ಹಸಿವು ಎಂದ. ಕಾಯಲು ತಮ್ಮನನ್ನು ಬಿಟ್ಟು ಅವಳು ಮನೆಗೆ ಹೋದಳು. ಊಟದ ಡಬ್ಬಿ ಹಿಡಿದು ಬಂದಾಗ ಮೂಲೆ ಬರಿದಾಗಿತ್ತು. ತಮ್ಮ ಯಂತ್ರದ ನೆರಳಲ್ಲಿ ಕೂತು ಫೋನಿನಲ್ಲಿ ನಗುತ್ತಿದ್ದ.

“ಎಲ್ಲೋ ಗುಡ್ಡೆ?”

ತಮ್ಮ ತಿರುಗಿ ನೋಡಿದ. “ಅಯ್ಯೋ, ಈಗ ಇಲ್ಲೇ ಇತ್ತಲ್ಲ!”

“ಲಾರಿಯವರು ಹೊಸಬರು. ಸಡಿಲ ಇದೆ ಅಂತ ಅದನ್ನೇ ತುಂಬ್ಕೊಂಡು ಹೋದ್ರು,” ಎಂದು ಯಂತ್ರದವನು ಡಬ್ಬಿಗೆ ಕೈ ಚಾಚಿದ. ಅಕ್ಕ ಡಬ್ಬಿ ಕೊಡಲಿಲ್ಲ.

ಗೂಡಿಗೆ ಓಡಿದಳು. ಕಲಸಿಯಾಯಿತು ಎಂದು ಮೇಸ್ತ್ರಿ ಕೈಯಾಡಿಸಿದ. ಮೂರು ದಿನ ಬಿಟ್ಟು ಅವನೇ ಹೇಳಿಕಳಿಸಿದ.

“ನೋಡಿ ಅಮ್ಮ, ಇದೆಂಥ ಮಣ್ಣು ಕೊಟ್ರಿ?” ಸಾಲು ಸಾಲು ಹಸಿ ಇಟ್ಟಿಗೆಗಳು ಬಿಸಿಲಿಗೆ ಬಾಯಿ ಬಿಟ್ಟಿದ್ದವು. “ಬರೀ ಬೇರು, ಗೊಬ್ಬರ. ಯಾತಕ್ಕೂ ಬರಲ್ಲ. ಅರ್ಧ ಆಗಲೇ ರಸ್ತೆ ಗುಂಡಿಗೆ ಸುರಿಸಿದೆ. ಉಳಿದಿದ್ದು ಬೇಕಾದ್ರೆ ಒಯ್ರಿ.”

ಒಂದು ಇಟ್ಟಿಗೆಯ ಬಿರುಕಿನಲ್ಲಿ ಹೋದ ಬೆಳೆಯ ಅವರೆಬೇರು ಇಣುಕುತ್ತಿತ್ತು. ಅಕ್ಕ ಅದನ್ನು ಸೆರಗಿನಲ್ಲಿಟ್ಟುಕೊಂಡಳು. ಬೈಯಲು ಬಾಯಿ ತೆರೆದವಳಿಗೆ ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ.

ಉಳಿದ ಇಟ್ಟಿಗೆ ಹೊತ್ತು ತಮ್ಮನ ಗಾಡಿ ಆರು ಸಲ ಓಡಾಡಿತು. ತಗ್ಗಾದ ಹೊಲದ ತುಂಬ ಅವನ್ನು ಹರಡಿ ಕಾಲುವೆಯ ಬಾಯಿ ತೆರೆದರು. ನೀರು ತಾನಾಗಿಯೇ ಬಂತು. ಇಟ್ಟಿಗೆಯ ಮೂಲೆಗಳು ಮೆಲ್ಲಗೆ ಕರಗಿದವು. ಗೂಡಿನವರು ಬೆರೆಸಿದ್ದ ಬೂದಿ ನೀರಿನ ಮೇಲೆ ಕೆನೆಗಟ್ಟಿತು. ಇಟ್ಟಿಗೆಯ ನಡುವಿನ ಗಟ್ಟಿ ಹೆಂಟೆ ಹಾಗೇ ಉಳಿಯಿತು.

“ನೀರಂತೂ ಬಂತಲ್ಲಕ್ಕ,” ಎಂದ ತಮ್ಮ, ಮೆಲ್ಲಗೆ.

“ಬಂತು. ಅದನ್ನ ಕುಡಿಯೋಕೆ ಇಲ್ಲಿ ಮಣ್ಣೆಲ್ಲಿದೆ?”

ಗುದ್ದಲಿಯನ್ನು ಅವನ ಕೈಗೆ ತುರುಕಿದಳು. ತಾನು ಕೆಸರಲ್ಲಿ ಕುಕ್ಕರಗಾಲಲ್ಲಿ ಕೂತು, ಮೊದಲ ಹೆಂಟೆಯನ್ನು ಹೆಬ್ಬೆರಳಿನಿಂದ ಮುರಿಯತೊಡಗಿದಳು.

“ಎಷ್ಟು ದಿನ ಬೇಕಕ್ಕ ಇದಕ್ಕೆ?”

“ಫೋನ್ ಮನೇಲಿಟ್ಟು ಬಾ. ಆಮೇಲೆ ಹೇಳ್ತೀನಿ.”