ಹದಿನಾಲ್ಕನೇ ತಾಕು

ಅನುಮಾನ ಅವಳಿಗೆ ಕಸುಬಿನಿಂದ ಅಂಟಿದ್ದು ಎಂದು ಗಂಡ ಹೇಳುತ್ತಿದ್ದ. ಹುಟ್ಟಿನಿಂದಲೇ ಬಂದದ್ದು ಎಂದು ಅತ್ತೆ. ಹಾಲು ಕೊಳ್ಳುವಾಗ ದಿನಾಂಕ ನೋಡುವವರು ಊರ ತುಂಬ ಇದ್ದಾರೆ, ಇವಳು ಆ ದಿನಾಂಕದ ಮೇಲೆ ಬೆರಳು ಉಜ್ಜಿ ನೋಡುವವಳು. ಆಫೀಸಿನಲ್ಲಿ ಅವಳಿಗೆ ಸಂಶಯಮ್ಮ ಎಂದು ಹೆಸರಿಟ್ಟಿದ್ದರು. ಮೊದಲು ಇಟ್ಟವರು ಯಾರು ಎಂಬ ಸಂಶಯ ಅವಳಿಗೆ ಇನ್ನೂ ತೀರಿರಲಿಲ್ಲ.

ಕಾಡನ್ನು ಆಕಾಶದಿಂದ ತೂಗುವುದು ಅವಳ ಕೆಲಸ. ಉಪಗ್ರಹದ ರೇಡಾರ್ ಮೇಲಿನಿಂದ ಅಲೆ ಬಿಡುತ್ತದೆ. ಅದು ಎಲೆಗಳ ನಡುವೆ ನುಸುಳಿ ಕಾಂಡಕ್ಕೂ ದೊಡ್ಡ ಕೊಂಬೆಗೂ ಬಡಿದು ಹಿಂದಿರುಗುತ್ತದೆ. ಮರ ಹೆಚ್ಚಿದ್ದಷ್ಟೂ ಚಿತ್ರದಲ್ಲಿ ಹೊಳಪು ಹೆಚ್ಚು. ಆದರೆ ಎಷ್ಟು ಹೊಳಪಿಗೆ ಎಷ್ಟು ಟನ್ ಎಂದು ಆಕಾಶ ಹೇಳುವುದಿಲ್ಲ. ಅದಕ್ಕೆ ಯಾರಾದರೂ ನಡೆದುಹೋಗಿ, ಹಗ್ಗ ಕಟ್ಟಿ ಒಂದೊಂದು ಹೆಕ್ಟೇರಿನ ತಾಕು ಗುರುತು ಮಾಡಿ, ಒಳಗಿರುವ ಪ್ರತಿ ಮರಕ್ಕೂ ಎದೆಯೆತ್ತರದಲ್ಲಿ ಟೇಪು ಸುತ್ತಿ ಬರೆದುಕೊಂಡು ಬರಬೇಕು. ಆ ಅಳತೆ ತಂಡದ ಮೇಸ್ತ್ರಿ ಬೇರೆ ಯಾರೂ ಅಲ್ಲ, ಅವಳ ಭಾವ, ಗಂಡನ ಅಣ್ಣ. ಮೂವತ್ತು ವರ್ಷ ಕಾಡು ತುಳಿದ ಮನುಷ್ಯ. ಹತ್ತು ದಿನ ಮನೆಯಲ್ಲೇ ಕೂತರೆ ಊಟ ಸೇರುತ್ತಿರಲಿಲ್ಲ.

ಈ ಸಲ ಇಪ್ಪತ್ತು ತಾಕು. ಹೊಳಪಿಗೆ ಟನ್ನು ಹೊಂದಿಸುವ ಅವಳ ಗ್ರಾಫಿನಲ್ಲಿ ತಾಕಿಗೊಂದು ಚುಕ್ಕೆ; ಹತ್ತೊಂಬತ್ತು ಚುಕ್ಕೆಗಳು ಗೆರೆಯ ಅಕ್ಕಪಕ್ಕದಲ್ಲೇ ಕೂತವು. ಹದಿನಾಲ್ಕನೆಯದು ಮಾತ್ರ ಹೆಣ್ಣು ನೋಡಲು ಬಂದು ಅಡುಗೆಮನೆಗೆ ನುಗ್ಗಿದವನ ಹಾಗೆ ಎಲ್ಲಿಯೋ ಇತ್ತು. ರೇಡಾರ್ ನೋಡಿದರೆ ಅಲ್ಲಿ ದಟ್ಟ ಕಾಡು. ಭಾವನ ಹಾಳೆ ನೋಡಿದರೆ ಬಡಕಲು ಮರಗಳು.

ಉಳಿದ ಹಾಳೆಗಳ ಮೇಲೆಲ್ಲ ಕೆಸರಿನ ಬೆರಳಚ್ಚು, ಸೊಪ್ಪಿನ ಕಲೆ. ಹದಿನಾಲ್ಕರ ಹಾಳೆ ಮದುವೆ ಕಾಗದದಷ್ಟು ಶುಭ್ರ, ಅಕ್ಷರ ಮುತ್ತು ಪೋಣಿಸಿದ ಹಾಗೆ. ಕಾಡಿಗೇ ಹೋಗದೆ ಮನೆಯಲ್ಲಿ ಕೂತು ಬರೆದದ್ದು ಎನ್ನಲು ಇನ್ನೇನು ಬೇಕು? ಶುಕ್ರವಾರ ವರದಿ ಹೋಗಬೇಕಿತ್ತು. ಒಂದು ಹಾಳೆ ಸುಳ್ಳು ಕಟ್ಟಿದ್ದು ಎಂದು ತಿಳಿದರೂ ಅಳೆದವರನ್ನು ಕಾಡಿನ ಕೆಲಸದಿಂದ ತೆಗೆಯಬೇಕೆಂಬುದು ಆಫೀಸಿನ ನಿಯಮ. ಬರೆದರೆ ಭಾವನ ಬದುಕು ಹೋಯಿತು, ಬರೆಯದಿದ್ದರೆ ಅವಳ ಲೆಕ್ಕ ಕೆಟ್ಟಿತು.

ಬುಧವಾರ ಬೆಳಿಗ್ಗೆ ಅವಳು ಬಾಗಿಲ ಬಳಿ ಬಗ್ಗಿ ಭಾವನ ಬೂಟಿನ ಅಡಿ ನೋಡುತ್ತಿದ್ದಾಗ ಅತ್ತೆ ಬಂದರು.

"ಏನಮ್ಮ, ಚಪ್ಪಲಿ ಕಾಣ್ತಿಲ್ವಾ?"

"ಇಲ್ಲ ಅತ್ತೆ, ಸುಮ್ನೆ."

"ಸುಮ್ನೆ ಯಾರೂ ಇನ್ನೊಬ್ರ ಬೂಟು ಮೂಸಲ್ಲ," ಎಂದು ಅತ್ತೆ ಒಳಗೆ ಹೋದರು.

ತಿಂಡಿಯ ಹೊತ್ತಿಗೆ ಅವಳು ಮೆಲ್ಲಗೆ ಕೆದಕಿದಳು. "ಭಾವ, ಹದಿನಾಲ್ಕನೇ ತಾಕು ಹೇಗಿತ್ತು?"

"ಕಾಡಿನ ಹಾಗಿತ್ತು," ಎಂದರು ಭಾವ, ತಟ್ಟೆಯಿಂದ ತಲೆ ಎತ್ತದೆ.

ತಲೆ ಎತ್ತದಿದ್ದುದೂ ಅವಳ ಲೆಕ್ಕಕ್ಕೆ ಸೇರಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅಂದು ಭಾವ ಕೆಮ್ಮಿದ್ದು, ಎರಡನೇ ಲೋಟ ಕಾಫಿ ಬೇಡವೆಂದದ್ದು, ಎಲ್ಲವೂ ಅವಳಿಗೆ ಸಾಕ್ಷಿಯಾಗಿ ಕಂಡವು.

ಗುರುವಾರ ಮಧ್ಯಾಹ್ನ ಅವಳು ಹಾಳೆಯನ್ನು ಮನೆಗೇ ತಂದು ಊಟದ ಮೇಜಿನ ಮೇಲಿಟ್ಟಳು. ಭಾವ ಒಬ್ಬರೇ ಕೂತು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು.

"ಇದನ್ನ ಕಾಡಲ್ಲಿ ಬರೆದದ್ದಾ ಭಾವ, ಮನೇಲಾ?"

"ಮನೇಲೇ," ಎಂದರು ಅವರು. ಎದ್ದು ಹೋಗಿ ತಮ್ಮ ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಮುದ್ದೆ ತಂದಿಟ್ಟರು. ನೀರು ಕುಡಿದು ಉಬ್ಬಿ ಒಣಗಿದ ಕಾಗದ. ಅಕ್ಷರ ಹರಡಿದ್ದರೂ ಅಂಕಿ ಓದಬಹುದಿತ್ತು. "ಮೊಣಕಾಲುದ್ದ ನೀರು ನಿಂತಿತ್ತಮ್ಮ ಅಲ್ಲಿ. ಹಾಳೆ ಎರಡು ಸಲ ಕೈಜಾರಿ ಬಿತ್ತು. ನಿನಗೆ ಓದೋಕಾಗಲ್ಲ ಅಂತ ನಕಲು ಮಾಡ್ದೆ."

"ನೀರಿತ್ತು ಅಂತ ಯಾಕೆ ಬರೀಲಿಲ್ಲ?"

"ನೀನು ಮಾಡಿದ ಫಾರಂನಲ್ಲಿ ನೀರಿಗೆ ಜಾಗ ಎಲ್ಲಿತ್ತು?"

ಅವಳ ಮುಖ ಕೆಂಪಾಯಿತು. ಮರದ ಬುಡದಲ್ಲಿ ನೀರಿದ್ದರೆ ಅಲೆ ನೀರಿಗೂ ಕಾಂಡಕ್ಕೂ ಬಡಿದು ಬಲವಾಗಿ ಮರಳುತ್ತದೆ, ಬಡಕಲು ಕಾಡೂ ದಟ್ಟವಾಗಿ ಹೊಳೆಯುತ್ತದೆ. ಇದನ್ನು ಅವಳು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದವಳು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಎದೆ ಹಗುರವಾಯಿತು.

"ತಪ್ಪಾಯ್ತು ಭಾವ. ಸುಮ್ನೆ ನಿಮ್ಮ ಮೇಲೆ ಅನುಮಾನಪಟ್ಟೆ. ನಿಮ್ಮ ಒಂಬತ್ತನೇ ತಾಕಂತೂ ಗೆರೆ ಮೇಲೇ ಕೂತಿದೆ. ಅಳತೆ ಅಂದ್ರೆ ಹೀಗಿರಬೇಕು ಅಂತ ವರದೀಲಿ ಅದನ್ನೇ ಮಾದರಿಯಾಗಿ ಹಾಕ್ತಿದ್ದೀವಿ."

ಭಾವ ಎಣ್ಣೆ ಬಾಟಲಿಯ ಮುಚ್ಚಳ ಹಾಕಿದರು.

"ಅದನ್ನ ಹಾಕ್ಬೇಡ," ಎಂದರು. "ಅಲ್ಲಿಗೆ ನಾನು ಹೋಗಲೇ ಇಲ್ಲ."

ಅವಳು ನಗಲು ನೋಡಿದಳು. ಅವರು ನಗುತ್ತಿರಲಿಲ್ಲ.

"ಅರ್ಧ ಗುಡ್ಡಕ್ಕೆ ಮೊಣಕಾಲು ಕೈಕೊಡ್ತು. ನಾಳೆ ಬಂದು ಮುಗಿಸೋಣ ಅಂತ ತಂಡದವರನ್ನ ಇಳಿಸ್ದೆ. ಮಾರನೇ ದಿನವೂ ಹತ್ತೋಕಾಗ್ಲಿಲ್ಲ. ಹೇಳಿದ್ರೆ ಇನ್ನು ಕಾಡು ಸಾಕು, ಮೇಜಿಗೆ ಬನ್ನಿ ಅಂತಾರೆ. ಭಯವಾಯ್ತಮ್ಮ."

"ಆದ್ರೆ ಹಾಳೆ ಮೇಲೆ ಕೆಸರಿತ್ತಲ್ಲ?"

"ಕೆಸರು ಹಚ್ಚೋಕೆ ಎಷ್ಟು ಹೊತ್ತು ಬೇಕು?"

"ಚುಕ್ಕೆ ಗೆರೆ ಮೇಲೇ ಬಂತಲ್ಲ ಭಾವ. ಅದು ಹೇಗೆ?"

"ನೀನೇ ಹೇಳಿದ್ದೆ. ನಾವು ಹೊರಡೋ ಮುಂಚೆ ಇದೇ ಮೇಜಿನ ಮೇಲೆ ರೇಡಾರ್ ನಕ್ಷೆ ಹಾಸಿ, ಈ ಒಂಬತ್ತನೆಯದು ನೋಡಿ ಭಾವ ಎಷ್ಟು ಹೊಳೀತಿದೆ, ನೂರಿಪ್ಪತ್ತು ಟನ್ನಾದ್ರೂ ಇರ್ಬೇಕು ಅಂದೆ. ನೂರಿಪ್ಪತ್ತು ಬರೋ ಹಾಗೆ ಮರ ಬರೆದೆ. ಎಂಥ ಮರ ಎಷ್ಟು ತೂಗುತ್ತೆ ಅಂತ ಈ ಕೈಗೆ ಗೊತ್ತು."

ಅಳೆಯುವವರಿಗೆ ನಕ್ಷೆ ತೋರಿಸಬಾರದು. ಈ ಕಸುಬಿನ ಮೊದಲ ಪಾಠವೇ ಅದು. ಬೂಟಿನ ಅಡಿಯನ್ನೂ ಬಿಡದೆ ನೋಡಿದವಳು, ತನ್ನ ಬಾಯಿಂದ ಹೊರಟ ಅಂಕಿ ತನ್ನ ಬಳಿಗೇ ಮರಳಿ ಬಂದಾಗ ಭಲೇ ಎಂದು ಬೆನ್ನು ತಟ್ಟಿದ್ದಳು.

ಅವಳ ಬಾಯಿಂದ ಮುಂದಿನ ಪ್ರಶ್ನೆ ತಾನಾಗಿಯೇ ಹೊರಟಿತು. "ಉಳಿದವು?"

ಭಾವ ಅವಳ ಮುಖವನ್ನೇ ನೋಡಿದರು. "ಉಳಿದದ್ದೆಲ್ಲ ಅಳೆದದ್ದು. ನಾನಾಗೇ ಹೇಳಿದ ಮೇಲೂ ಕೇಳ್ಬೇಕಾ?"

"ಕೇಳ್ಬೇಕು ಭಾವ."

"ಹಾಗಿದ್ರೆ ಬೇರೆಯವರಿಂದ ಅಳೆಸು," ಎಂದು ಅವರು ಕುಂಟುತ್ತ ಒಳಗೆ ಹೋದರು.

ಶುಕ್ರವಾರ ವರದಿ ಹೋಗಲಿಲ್ಲ. ಅವಳು ಮೇಲಧಿಕಾರಿಯ ಕೋಣೆಗೆ ಹೋಗಿ ಒಂಬತ್ತನೇ ತಾಕಿನ ಸುಳ್ಳನ್ನೂ ತಾನು ನಕ್ಷೆ ತೋರಿಸಿದ್ದನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಅವಳಿಗೆ ಎಚ್ಚರಿಕೆ ಪತ್ರ ಸಿಕ್ಕಿತು. ಭಾವನಿಗೆ ಕಾಡು ತಪ್ಪಿತು. ತಪ್ಪು ಇಬ್ಬರದೂ ಆದರೂ ಏಟು ಒಂದೇ ಆಗಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಚೀಟಿ ಎತ್ತಿ ಆರಿಸಿದ ಆರು ತಾಕುಗಳಿಗೆ ಹೊಸ ತಂಡ ಹೋಯಿತು, ಕೈಯಲ್ಲಿ ನಕ್ಷೆಯಿಲ್ಲದೆ.

ತಿಂಗಳ ನಂತರ ಹೊಸ ಹಾಳೆಗಳು ಬಂದವು. ಅವಳು ಬಾಗಿಲು ಹಾಕಿಕೊಂಡು ಒಂದೊಂದು ಮರವನ್ನೂ ಹೋಲಿಸಿದಳು. ಆರೂ ತಾಕುಗಳಲ್ಲಿ ಭಾವನ ಅಂಕಿಗೂ ಹೊಸ ಅಂಕಿಗೂ ಬೆರಳಗಲದ ವ್ಯತ್ಯಾಸವೂ ಇರಲಿಲ್ಲ. ಅವಳು ಹಾಳೆಗಳನ್ನು ಹಿಡಿದು ಓಡೋಡಿ ಮನೆಗೆ ಬಂದಳು.

ಭಾವ ಕಿಟಕಿಯ ಬಳಿ ಕೂತು ಹೊರಗೆ ನೋಡುತ್ತಿದ್ದರು.

"ಭಾವ, ಎಲ್ಲ ಸರಿಯಾಗಿದೆ. ಒಂದೂ ತಪ್ಪಿಲ್ಲ. ನೋಡಿ."

ಅವರು ಹಾಳೆಗಳನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ನನಗೆ ಗೊತ್ತಿತ್ತಲ್ಲಮ್ಮ," ಎಂದರು. "ಗೊತ್ತಿಲ್ಲದವಳು ನೀನು. ನೀನೇ ಇಟ್ಕೋ."