ಎರಡು ಹಲಗೆ, ಎರಡು ಆನಿಕೆ

ಅಡುಗೆಮನೆಯ ಗೋಡೆ ಹಳದಿಯಾಗಿದೆ, ಎಂದೂ ಇಲ್ಲದ ಹಳದಿ, ಇದು ನೇರ ಬಿಸಿಲಲ್ಲ, ಗೇಟಿನ ಹೊರಗೆ ನಿಂತ ಯಂತ್ರದ ಮೈಗೆ ಬಡಿದು ಒಳಗೆ ಬಂದ ಬಿಸಿಲು — ಹಾಲು ಉಕ್ಕುತ್ತಿದೆ, ಒಲೆ ಆರಿಸಬೇಕು, ಆರಿಸಿದಳು. ಗಂಡನನ್ನು ಮಣ್ಣು ಮಾಡಿ ಹತ್ತು ದಿನ, ಕೊನೆಯ ನೆಂಟರೂ ನಿನ್ನೆ ಹೊರಟರು, ಇವತ್ತು ಮಾಮೂಲಿ ಬೆಳಗು, ಮಾಮೂಲಿ ಬೆಳಗಿನಲ್ಲಿ ಹಾಲು ಕಾಯಿಸುತ್ತಾರೆ, ಬಾಗಿಲಿಗೆ ಬಂದವರಿಗೆ ಉತ್ತರ ಹೇಳುತ್ತಾರೆ. ಹನ್ನೊಂದಕ್ಕೆ ಬರ್ತೀನಮ್ಮ, ಇಟ್ಕೊಳ್ತೀರೋ ಇಲ್ವೋ ಒಂದು ಮಾತು ಹೇಳಿಬಿಡಿ, ಬೇರೆಯವರೂ ಕೇಳ್ತಿದಾರೆ, ಎಂದು ನಿನ್ನೆ ಯಂತ್ರ ತಂದು ನಿಲ್ಲಿಸಿದವನು ಹೇಳಿ ಹೋಗಿದ್ದ. ಮಣ್ಣು ಅಗೆಯುವ ಪುಟ್ಟ ಯಂತ್ರ, ನಾಲ್ಕು ಟೈರಿನದು, ಲಾರಿಯ ಹಂಗಿಲ್ಲದೆ ರಸ್ತೆಯಲ್ಲಿ ತಾನೇ ಓಡಿಕೊಂಡು ಹೋಗುತ್ತದೆ, ಅದಕ್ಕೇ ಗಂಡನಿಗೆ ಅದರ ಮೇಲೆ ಅಷ್ಟು ಮೋಹ — ನೋಡೇ ನಮ್ಮ ಮರೀನ, ಗಲ್ಲ ಎದೆಗೆ ಒತ್ಕೊಂಡು ಹೇಗೆ ಮಲಗಿದೆ, ಎಂದು ಫೋನಿನಲ್ಲಿ ಅದರ ಫೋಟೋ ತೋರಿಸುತ್ತಿದ್ದ. ಅವನು ಗೊತ್ತುಮಾಡಿದ್ದ ದಿನವೇ, ನಿನ್ನೆಯೇ, ಅದು ಬಂತು. ಮಾತು ತಪ್ಪಿದವನು ಅವನು.

ಮೈದುನ ಬೆಳಗಿನಿಂದ ಅದರ ಸುತ್ತಲೇ ಇದ್ದಾನೆ, ಬಟ್ಟೆ ಹಿಡಿದು ಗಾಜು ಒರೆಸುತ್ತಾನೆ, ಒರೆಸಿದ್ದನ್ನೇ ಒರೆಸುತ್ತಾನೆ, ಅತ್ತಿಗೆ, ಇದು ಹತ್ತು ದಿನ ಮೊದಲೇ ಬಂದಿದ್ರೆ ಅಣ್ಣ ಬದುಕ್ತಿದ್ದ, ಇನ್ಮೇಲೆ ನಾನೇ ಓಡಿಸ್ತೀನಿ, ಟೈರ್ ಅಂಗಡಿ ಕೆಲಸ ಸಾಕು. ಹೂಂ ಅಂದಿದ್ದಳು ನಿನ್ನೆ, ಯಾಕಾದರೂ ಅಂದಳೋ. ಬದುಕುತ್ತಿರಲಿಲ್ಲ. ಯಂತ್ರ ಗುಂಡಿ ತೋಡುತ್ತದೆ, ಅಷ್ಟೇ, ಪೈಪಿಗೆ ಪೈಪು ಸೇರಿಸಲು ಒಳಗೆ ಇಳಿಯುವವನು ಮನುಷ್ಯನೇ, ಕೈಯಲ್ಲಿ ಅಗೆದರೆ ವಾರಕ್ಕೊಮ್ಮೆ ಇಳಿಯುವವನು ಇದೊಂದಿದ್ದರೆ ದಿನಕ್ಕೆರಡು ಸಲ ಇಳಿಯುತ್ತಾನೆ — ಅಗೋ, ಅದರ ಬಾಯಲ್ಲಿ ಐದು ಹಲ್ಲು, ಎಣಿಸಬಾರದು, ಎಣಿಸಿದಳು. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಮಣ್ಣಿನ ಬಗ್ಗೆಯೇ ಓದಿದವಳು, ಒಂದು ಘನಮೀಟರ್ ಮಣ್ಣು ಒಂದೂವರೆ ಟನ್ ಎಂದು ಪರೀಕ್ಷೆಯಲ್ಲಿ ಬರೆದವಳು, ಆ ಒಂದೂವರೆ ಟನ್ ಈಗ ಅವಳ ಎದೆಯ ಮೇಲಿದೆ. ಮಣ್ಣಿನ ಡಾಕ್ಟ್ರೇ, ಸ್ವಲ್ಪ ನಾಡಿ ನೋಡಿ ಹೇಳಿ, ಈ ಗೋಡೆ ನಿಲ್ಲುತ್ತೋ ಮಲಗುತ್ತೋ, ಎಂದು ಗುಂಡಿಯ ಫೋಟೋ ಕಳಿಸಿ ನಗುತ್ತಿದ್ದ, ಆವತ್ತು ಕಳಿಸಲಿಲ್ಲ, ಆವತ್ತು ಬಾಗಿಲಲ್ಲೇ ಹೇಳಿದಳು ಹಲಗೆ ತಗೊಂಡು ಹೋಗು, ಇಷ್ಟೇ ಇಷ್ಟು ಕೆಲಸ ಕಣೇ, ಇಳಿದು ಹತ್ತಿಬಿಡ್ತೀನಿ, ಎಂದು ಹೊರಟ, ಗುಂಡಿಯ ಗೋಡೆ ಅವನ ಮೇಲೆ ಕುಸಿಯಿತು. ಹಲಗೆ ಹಿತ್ತಿಲಲ್ಲೇ ಉಳಿದವು, ನೀರಿನ ತೊಟ್ಟಿಗೆ ಒರಗಿ, ಎರಡು ಹಲಗೆ, ಎರಡು ಆನಿಕೆ, ಗುಂಡಿಯ ಗೋಡೆಗಳಿಗೆ ಹಲಗೆ ಒತ್ತಿ ನಡುವೆ ಆನಿಕೆಯ ಮರ ಅಡ್ಡ ಕೊಟ್ಟರೆ ಮಣ್ಣು ಒಳಗೆ ನುಗ್ಗುವುದಿಲ್ಲ, ಎದುರು ಬೀದಿಯ ಬಡಗಿಯಿಂದ ಹಿಂದಿನ ಸಂಜೆಯಷ್ಟೇ ಎರವಲು ತಂದದ್ದು, ಹೊಸ ಮರ, ತುದಿ ಹಾಲಿನಷ್ಟು ಬಿಳಿ. ಹಲಗೆ ಕೊಟ್ರೂ ಮಣ್ಣು ಬಿಡ್ಲಿಲ್ವಲ್ಲ ಅತ್ತಿಗೆ, ಎಂದು ಮೈದುನ ನೆಂಟರ ಮುಂದೆ ಬಿಕ್ಕಿಬಿಕ್ಕಿ ಅತ್ತ, ಅವಳು ತಿದ್ದಲಿಲ್ಲ, ಅವನ ಪಾಲಿಗೆ ಅಣ್ಣ ಯಾವತ್ತೂ ತಪ್ಪದವನು, ಬಾಯಿ ಬಿಟ್ಟರೆ ಅವನ ಅಣ್ಣನನ್ನು ಅವಳೇ ಇನ್ನೊಮ್ಮೆ ಮಣ್ಣು ಮಾಡಿದ ಹಾಗೆ, ಬಿಡದಿದ್ದರೆ — ಮೈದುನನಿಗೂ ಅದೇ ಅವಸರ, ಅದೇ ನಗು, ಇಳಿದು ಹತ್ತಿಬಿಡ್ತೀನಿ ಅತ್ತಿಗೆ.

ಹತ್ತೂವರೆ. ಬಾ, ಬಡಗಿಯವರದ್ದು ಕೊಟ್ಟು ಬರೋಣ, ಎಂದಳು ಮೈದುನನಿಗೆ. ಈಗಲೇನಾ ಅತ್ತಿಗೆ, ಮೆಷಿನ್ನವರು ಬರೋ ಹೊತ್ತು. ಈಗಲೇ. ಆನಿಕೆಗಳು ಅವನ ಹೆಗಲ ಮೇಲೆ, ಹಲಗೆಗಳು ಅವಳ ತೋಳಲ್ಲಿ, ಯಂತ್ರದ ಪಕ್ಕದಲ್ಲೇ ಹಾಯಬೇಕು, ಅವನು ಏನೋ ಹೇಳುತ್ತಿದ್ದಾನೆ, ಬ್ರೇಕ್ ಸೂಪರ್ ಆಗಿದೆ ಅತ್ತಿಗೆ, ತಿರುಗಿ ಹೇಳಿಬಿಡಲೇ, ಇನ್ನೂ ಹತ್ತು ಹೆಜ್ಜೆ ಇದೆ, ಐದು, ಹೇಳಲಿಲ್ಲ. ಅಯ್ಯೋ, ನಾನೇ ಬಂದು ತಗೊಂಡು ಹೋಗ್ತಿದ್ನಲ್ಲಮ್ಮ, ಎಂದ ಬಡಗಿ, ಕೊಟ್ಟದ್ದು ವಾಪಸ್ ಬಂದರೆ ತುದಿಗೆ ಹೆಬ್ಬೆರಳು ಒತ್ತಿ ನೋಡುವುದು ಅವನ ಚಾಳಿ, ಅದು ಅವಳಿಗೆ ಗೊತ್ತು, ಗೊತ್ತಿದ್ದೇ ಬಂದಳೇ, ಆನಿಕೆಯ ತುದಿ ಒತ್ತಿದ, ತಿರುಗಿಸಿ ಇನ್ನೊಂದು ತುದಿ ಒತ್ತಿದ. ಬಳಸೇ ಇಲ್ವಲ್ಲಮ್ಮ, ಕೊಟ್ಟ ಹಾಗೇ ಇದೆ. ಅಂದ ಮೇಲೆ ಅವನಿಗೆ ಹೊಳೆಯಿತು, ಗರಗಸ ಕೆಳಗಿಟ್ಟ. ಮೈದುನ ಅವಳ ಕಡೆ ನೋಡಿದ. ಅಣ್ಣ ಒಯ್ದಿರಲಿಲ್ವಾ? ಇಲ್ಲ. ನಿಮಗೆ ಗೊತ್ತಿತ್ತಾ? ಗೊತ್ತಿತ್ತು. ಬೀದಿಯಾಚೆ ಗೇಟಿನ ಹತ್ತಿರ ಹಾರ್ನ್, ಒಮ್ಮೆ, ಮತ್ತೊಮ್ಮೆ. ಮೆಷಿನ್ ನಮಗೆ ಬೇಡ, ಹೋಗಿ ಹೇಳಿಬರ್ತೀನಿ, ಎಂದಳು. ಮೈದುನ ಬಡಗಿಯ ಕೈಯಿಂದ ಆನಿಕೆ ತಗೊಂಡು, ಬಡಗಿ ಒತ್ತಿದಲ್ಲೇ ತನ್ನ ಹೆಬ್ಬೆರಳು ಒತ್ತಿದ, ತೆಗೆದು ಬೆರಳನ್ನು ನೋಡಿಕೊಂಡ, ಮತ್ತೆ ಒತ್ತಿದ, ಆ ತುದಿ, ಬಿಳಿ, ಒಂದು ಕಣ ಮಣ್ಣಿಲ್ಲ, ಒಂದು ಕಣ —